ಚಳಿಯಲ್ಲಿ ರೊಬಸ್ಟಾ ಸಸಿಮಡಿ



ಎತ್ತರದ ತೋಟಗಳ ಸದಸ್ಯರಿಂದ ಚಳಿಗಾಲದಲ್ಲಿ ನಮಗೆ ಬರುವ ಪ್ರಶ್ನೆ ಒಂದೇ: ರೊಬಸ್ಟಾ ಬೀಜ ಹಾಕಿ ಎರಡು ತಿಂಗಳಾಗುತ್ತ ಬಂತು, ಮೊಳಕೆ ಕಾಣದು, ಬೀಜವೇ ಕೆಟ್ಟದ್ದೇ? ಎಷ್ಟೋ ಸಲ ದೋಷ ಬೀಜದ್ದಲ್ಲ. ಮಡಿಯ ಮಣ್ಣು ತಣ್ಣಗಿರುತ್ತದೆ.

ಅರೇಬಿಕಾ ಇಥಿಯೋಪಿಯಾದ ಎತ್ತರದ ಕಾಡಿನ ಗಿಡ. 15ರಿಂದ 25 ಡಿಗ್ರಿ ಸೆಂಟಿಗ್ರೇಡ್ ಅದಕ್ಕೆ ಹಿತ. ರೊಬಸ್ಟಾ ಕಾಂಗೋ ಸೀಮೆಯ ತಗ್ಗಿನ, ಸೆಕೆಯ ಕಾಡಿನದು. ಅದಕ್ಕೆ 20ರಿಂದ 30 ಡಿಗ್ರಿ ಬೇಕು. ಆದರೆ ಹಣ್ಣು ನಮ್ಮ ಕೈಗೆ ಬರುವುದೇ ಚಳಿಯಲ್ಲಿ. ಬೇಸಿಗೆಗೆ ಬಿತ್ತೋಣವೆಂದು ಬೀಜ ಕಟ್ಟಿಡುವಂತಿಲ್ಲ. ದಿನ ಕಳೆದಷ್ಟೂ ಮೊಳೆಯುವ ಶಕ್ತಿ ಕುಂದುತ್ತದೆ. ಸುಮಾರು 45 ದಿನಕ್ಕೆ ಏಳಬೇಕಾದ ಮೊಳಕೆ ಬಹಳ ತಡವಾದರೆ ಮುಂಗಾರಿಗೆ ಗಿಡ ಎಳೆಯದಾಗಿಯೇ ಉಳಿದು, ನೆಡುವ ಕೆಲಸ ಮರುವರ್ಷಕ್ಕೆ ಹೋಗುತ್ತದೆ.

ಮೊದಲು ನೋಡತಕ್ಕದ್ದು ಸ್ಥಳ. ನೀರು ಹತ್ತಿರವೆಂದು ಗದ್ದೆಯಂಚಿನಲ್ಲಿ ಮಡಿ ಮಾಡುವುದು ನಮ್ಮ ಕಡೆಯ ರೂಢಿ. ಮೋಡವಿಲ್ಲದ ರಾತ್ರಿಗಳಲ್ಲಿ ತಣ್ಣನೆಯ ಗಾಳಿ ಭಾರವಾಗಿ, ನೀರಿನಂತೆ ಇಳಿಜಾರಿನಲ್ಲಿ ಹರಿದು ಬಂದು ಅಲ್ಲಿಯೇ ನಿಲ್ಲುತ್ತದೆ. ಬೆಳಗ್ಗೆ ಮಂಜು ಎಲ್ಲಿ ಕೊನೆಗೆ ಕರಗುತ್ತದೆಂದು ನಾಲ್ಕು ದಿನ ಗಮನಿಸಿದರೆ ಸಾಕು, ಯಾವ ಯಂತ್ರವೂ ಬೇಡ. ಮಡಿಯನ್ನು ಸ್ವಲ್ಪ ಮೇಲಕ್ಕೆ, ಎಳೆಬಿಸಿಲು ಬೀಳುವ ಪೂರ್ವದ ಇಳಿಜಾರಿಗೆ ಒಯ್ಯಿರಿ. ನೀರು ಹೊರುವ ಕೂಲಿ ಹೆಚ್ಚುವುದು ನಿಜ. ಒಂದು ವರ್ಷ ಕಳೆದುಕೊಳ್ಳುವುದಕ್ಕಿಂತ ಅದು ಅಗ್ಗ. ಮಡಿಯ ಕೆಳಬದಿಯಲ್ಲಿ ದಟ್ಟ ಬೇಲಿಯಿದ್ದರೆ ಅಲ್ಲಲ್ಲಿ ಬಿಡಿಸಿ. ಇಲ್ಲವಾದರೆ ಅದು ಚಳಿಗೆ ಒಡ್ಡು ಕಟ್ಟಿದಂತಾಗುತ್ತದೆ.

ಬಿಸಿಲಿಗೆಂದು ಹಾಕುವ ಚಪ್ಪರ ರಾತ್ರಿಯೂ ಕೆಲಸ ಮಾಡುತ್ತದೆ. ಮಣ್ಣಿನ ಕಾವು ಆಕಾಶಕ್ಕೆ ಹೋಗುವುದನ್ನು ಅಷ್ಟಿಷ್ಟು ತಡೆಯುತ್ತದೆ. ಬೀಜದ ಚಪ್ಪಟೆ ಮೈ ಕೆಳಗೆ ಬರುವಂತೆ ಇಟ್ಟು, ಜರಡಿ ಹಿಡಿದ ಮಣ್ಣನ್ನು ತೆಳುವಾಗಿ ಉದುರಿಸಿ, ಮೇಲೆ 2 ಅಂಗುಲ ಭತ್ತದ ಹುಲ್ಲು ಹರಡಿ. ಹುಲ್ಲು ತೊಯ್ದು ಮುದ್ದೆಯಾದರೆ ಕಾವು ಹಿಡಿಯದು, ಬದಲಾಯಿಸಬೇಕು. ಸಂಜೆ ನೀರು ಹಾಕಬೇಡಿ. ಬಿಸಿಲೇರಿದ ಮೇಲೆ ಹಾಕಿ. ಮಣ್ಣು ಪೂರ್ತಿ ಒಣಗಲೂ ಬಾರದು, ಒಣಮಣ್ಣಿನಲ್ಲಿ ಹಗಲಿನ ಕಾವು ಹೆಚ್ಚು ಉಳಿಯುವುದಿಲ್ಲ.

ತೀರ ಚಳಿಯ ಜಾಗದಲ್ಲಿ ಬಿದಿರಿನ ದಬ್ಬೆ ಬಗ್ಗಿಸಿ ಮುಸ್ಸಂಜೆಗೆ ಪಾಲಿಥೀನ್ ಹೊದಿಸಬಹುದು. ಬೆಳಗ್ಗೆ ತೆಗೆಯುವವರು ಮನೆಯಲ್ಲಿಲ್ಲದಿದ್ದರೆ ಈ ಗೊಡವೆಯೇ ಬೇಡ. ಹಗಲೂ ಮುಚ್ಚಿಟ್ಟರೆ ಒಳಗೆ ಬೆಂದು, ಬೆವರಿ, ಎಳೆಸಸಿಗೆ ಬುಡಕೊಳೆ ಹಿಡಿಯುತ್ತದೆ. ಹಸಿ ಸೆಗಣಿಯ ಕಾವನ್ನು ನಂಬುವವರೂ ಇದ್ದಾರೆ. ಬೀಜದ ಕೆಳಗೆ ಅದು ಬೇರನ್ನೇ ಸುಡುತ್ತದೆ. ಚೆನ್ನಾಗಿ ಕಳಿತ ಗೊಬ್ಬರವನ್ನಷ್ಟೇ ಬಳಸಿ.

ಇಷ್ಟಾದರೂ ಮೊಳಕೆ ಕಾಣದಿದ್ದರೆ ಮಡಿ ಅಗೆಯಲು ಅವಸರಪಡಬೇಡಿ. ಮೂಲೆಯಿಂದ ನಾಲ್ಕೈದು ಬೀಜ ತೆಗೆದು ಕೊಯ್ದು ನೋಡಿ. ಒಳಗೆ ಗಟ್ಟಿಯಾಗಿದ್ದು ವಾಸನೆಯಿಲ್ಲದಿದ್ದರೆ ಮತ್ತೆ ಹುಲ್ಲು ಮುಚ್ಚಿ ಎರಡು ವಾರ ಕಾಯಿರಿ. ಕಪ್ಪಾಗಿ ಮೆತ್ತಗಾಗಿದ್ದರೆ ಮಾತ್ರ ಹೊಸ ಬೀಜಕ್ಕೆ ಸಂಘಕ್ಕೆ ಬರೆಯಿರಿ.