ದಳ್ಳಾಳಿಯಿಲ್ಲದೆ ಮನೆ ಬಾಡಿಗೆಗೆ ಕೊಡುವ ಬಗೆ



ಊರಿಗೆ ವರ್ಗವಾಗಿ ಬಂದ ಶಿಕ್ಷಕರು, ದಾದಿಯರು, ಬ್ಯಾಂಕಿನ ನೌಕರರು ಬಾಡಿಗೆ ಮನೆ ಹುಡುಕುವುದುಂಟು. ಅವರಿಗೆ ಮನೆ ತೋರಿಸಿದ್ದಕ್ಕೆ ದಳ್ಳಾಳಿಗೆ ಏಕೆ ಹಣ ತೆರಬೇಕು? ಶಾಲೆ, ಆಸ್ಪತ್ರೆ, ಸಹಕಾರ ಸಂಘಗಳಲ್ಲಿ ನೀವೇ ತಿಳಿಸಿರಿ. ಮುಂದೆ ಹೀಗೆ ಮಾಡಿರಿ:

1. ಮೊದಲು ಒಡೆದ ಹೆಂಚು ಬದಲಾಯಿಸಿ, ಸುಣ್ಣ ಬಳಿಸಿರಿ.

2. ಬರುವವರ ಉದ್ಯೋಗ ವಿಚಾರಿಸಿ, ಗುರುತಿನ ಚೀಟಿಯ ನಕಲು ಇಟ್ಟುಕೊಳ್ಳಿರಿ.

3. ಛಾಪಾ ಕಾಗದದ ಮೇಲೆ ಕರಾರು ಬರೆಯಿಸಿರಿ. ಬಾಡಿಗೆ, ಮುಂಗಡ, ವಿದ್ಯುತ್ ಬಿಲ್ಲು, ರಿಪೇರಿ ಖರ್ಚು ಯಾರದು, ಮನೆ ಬಿಡುವ ಮೊದಲು ಎಷ್ಟು ದಿನ ಮುಂಚೆ ತಿಳಿಸಬೇಕು, ಎಲ್ಲವೂ ಅದರಲ್ಲಿರಲಿ. ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿರಿ.

4. ಅವಧಿ ಒಂದು ವರ್ಷ ಮೀರಿದರೆ 1908ರ ನೋಂದಣಿ ಕಾಯ್ದೆಯಂತೆ ಕರಾರನ್ನು ನೋಂದಾಯಿಸಲೇಬೇಕು. 11 ತಿಂಗಳ ಕರಾರು ರೂಢಿಗೆ ಬಂದದ್ದು ಇದರಿಂದಲೇ.

5. ಮುಂಗಡಕ್ಕೂ ಪ್ರತಿ ತಿಂಗಳ ಬಾಡಿಗೆಗೂ ರಸೀತಿ ಕೊಡಿರಿ.

ಒಂದು ಎಚ್ಚರಿಕೆ: ಮನೆಯೊಡನೆ ಹೊಲವನ್ನೂ ಗೇಣಿಗೆ ಸೇರಿಸಬೇಡಿರಿ. ಕರ್ನಾಟಕದ 1961ರ ಭೂ ಸುಧಾರಣಾ ಕಾಯ್ದೆ ಸಾಗುವಳಿ ಜಮೀನನ್ನು ಗೇಣಿಗೆ ಕೊಡುವುದನ್ನು ಸಾಮಾನ್ಯವಾಗಿ ನಿಷೇಧಿಸಿದೆ. ಬಾಡಿಗೆಯ ಆಸೆಗೆ ಭೂಮಿಯ ಹಕ್ಕಿಗೇ ಕುತ್ತು ಬರಬಾರದು.

ಬಾಯಿಮಾತಿನ ಒಪ್ಪಂದ ಜಗಳಕ್ಕೆ ದಾರಿ. ಬರೆದಿಟ್ಟ ಒಪ್ಪಂದ ಇಬ್ಬರಿಗೂ ನೆಮ್ಮದಿ.