ಕೈಗುಣದ ತಪ್ಪಲ್ಲ, ಏಪ್ರಿಲ್ ರಾತ್ರಿಯದು

ಪ್ರಶ್ನೆ: ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿದ್ದೇನೆ. ನಿವೃತ್ತಿಯ ನಂತರ ಪುಟಾಣಿ ಆರ್ಕಿಡ್‌ಗಳ ಹುಚ್ಚು ಹತ್ತಿದೆ. ಚಳಿಗಾಲದಲ್ಲಿ ತಂದ ಲೆಪಾಂಥಿಸ್, ಮಸ್ಡೆವಾಲಿಯಾ ಗಿಡಗಳನ್ನು ಮುಚ್ಚಳವಿರುವ ಗಾಜಿನ ಭರಣಿಯಲ್ಲಿಟ್ಟು ದಿನಾ ನೀರು ಚಿಮುಕಿಸಿದೆ. ಏಪ್ರಿಲ್ ಬರುತ್ತಲೇ ಎಲೆ ಹಳದಿಯಾಗಿ ಉದುರತೊಡಗಿವೆ. “ನಿನ್ನ ಕೈಗುಣವೇ ಸರಿಯಿಲ್ಲ” ಅನ್ನುತ್ತಾರೆ ಮನೆಯವರು. ಈ ಹವ್ಯಾಸ ಬಿಟ್ಟುಬಿಡಲೇ?
— ಹೆಸರು ಬೇಡ, ಬೆಂಗಳೂರು

ಉತ್ತರ: ಕೈಗುಣದ ಮಾತನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಚಳಿಗಾಲದಲ್ಲಿ ಚೆನ್ನಾಗಿದ್ದದ್ದು ಏಪ್ರಿಲ್‌ನಲ್ಲಿ ಸೊರಗಿದೆಯಲ್ಲ, ಕಾರಣ ಅಲ್ಲೇ ಇದೆ. ಈ ಗಿಡಗಳ ತವರು ಕೊಲಂಬಿಯಾ, ಈಕ್ವೆಡಾರ್‌ನ ಆಂಡಿಸ್ ಬೆಟ್ಟಗಳು, ಕೋಸ್ಟರಿಕಾದ ಮೋಡಗಾಡುಗಳು. ಹಲವು ಜಾತಿಗಳು 1,500 ಮೀಟರಿಗೂ ಎತ್ತರದಲ್ಲಿ ಪಾಚಿಗಟ್ಟಿದ ಕೊಂಬೆಗಳ ಮೇಲೆ ಬೆಳೆಯುತ್ತವೆ. ರಾತ್ರಿ 10ರಿಂದ 15 ಡಿಗ್ರಿ ಸೆಲ್ಸಿಯಸ್ ತಂಪು ಅವಕ್ಕೆ ಹಿತ. ಬೆಂಗಳೂರಿನ ಏಪ್ರಿಲ್ ರಾತ್ರಿ 20ಕ್ಕಿಂತ ಕೆಳಗಿಳಿಯುವುದೇ ಅಪರೂಪ. ರಾತ್ರಿಯೂ ಸೆಕೆಯಾದರೆ ಹಗಲು ಕೂಡಿಸಿದ ಸಕ್ಕರೆ ಉಸಿರಾಟಕ್ಕೇ ಕರಗುತ್ತದೆ, ಗಿಡ ಬಡವಾಗುತ್ತದೆ. ಡೆಂಡ್ರೋಬಿಯಂಗಿರುವಂಥ, ನೀರು ಕೂಡಿಡುವ ದಪ್ಪ ಕಾಂಡವೂ ಇವಕ್ಕಿಲ್ಲ.

ಇನ್ನೊಂದು ಕಾರಣ ಆ ಮುಚ್ಚಳ. ಶೇ 80ರಷ್ಟು ತೇವ ಬೇಕು, ನಿಜ. ಆದರೆ ಬೆಟ್ಟದಲ್ಲಿ ತೇವದ ಜೊತೆ ಗಾಳಿಯೂ ಆಡುತ್ತದೆ. ಮುಚ್ಚಿದ ಭರಣಿಯ ಬಿಸಿಯಲ್ಲಿ ಕೊಳೆರೋಗ ಬಾರದಿರುವುದೇ ಕಷ್ಟ. ಖಾಲಿ ಮೀನಿನ ತೊಟ್ಟಿಯೊಳಗೆ ಕಂಪ್ಯೂಟರಿನ ಪುಟ್ಟ ಫ್ಯಾನ್, ಮೇಲೊಂದು ಎಲ್‌ಇಡಿ ದೀಪ ಇಟ್ಟುಕೊಳ್ಳಿ. ಬೇರಿಗೆ ತೆಳುವಾಗಿ ಸ್ಫ್ಯಾಗ್ನಂ ಪಾಚಿ ಸುತ್ತಿ ತೊಗಟೆಯ ತುಂಡಿಗೆ ಕಟ್ಟಿ. ಬೋರ್‌ವೆಲ್ ನೀರಿನ ಲವಣವನ್ನು ಆ ಬೇರು ತಾಳದು; ಮಳೆನೀರು ಹಿಡಿದಿಡಿ, ಇಲ್ಲವೇ ಆರ್‌ಓ ನೀರು ಬಳಸಿ.

ಇಷ್ಟೆಲ್ಲ ಮಾಡಿದರೂ ಬೇಸಿಗೆಯ ರಾತ್ರಿಗೆ ಎಸಿ ಇರುವ ಕೋಣೆ ಬೇಕೇಬೇಕು. ಅದು ಆಗದೆಂದಾದರೆ ಮಸ್ಡೆವಾಲಿಯಾ ಬಿಟ್ಟುಬಿಡಿ, ಹವ್ಯಾಸವನ್ನಲ್ಲ. ಸೆಕೆಗೆ ಒಗ್ಗುವ ಪುಟ್ಟ ಬಲ್ಬೋಫಿಲಂಗಳು ಸಾಕಷ್ಟಿವೆ.

ಲೆಪಾಂಥಿಸ್ ಬದುಕಿ ಹೂಬಿಟ್ಟರೆ ಮನೆಯವರ ಕೈಗೂ ಭೂತಗನ್ನಡಿ ಕೊಡಿ. ಹೂವು ಕೆಲವೇ ಮಿಲಿಮೀಟರ್. ಆದರೂ ಕೋಸ್ಟರಿಕಾದ ಒಂದು ಜಾತಿಯ ಹೂವನ್ನು ಗಂಡು ನೊಣವೊಂದು ತನ್ನ ಜೋಡಿಯೆಂದೇ ನಂಬಿ ಕೂಡಲು ಬಂದು, ಪರಾಗ ಹೊತ್ತೊಯ್ಯುತ್ತದೆ. ಇಂಥದ್ದನ್ನು ಕಂಡವರು ದುಡ್ಡು ದಂಡ ಅನ್ನಲಾರರು.

ಒಂದು ಕೋರಿಕೆ. ನರ್ಸರಿಯಲ್ಲೇ ಬೆಳೆಸಿದ್ದೆಂದು ಖಾತ್ರಿಯಾದ ಗಿಡವನ್ನಷ್ಟೇ ಕೊಳ್ಳಿ. ಆಂಡಿಸ್ ಕಾಡಿನಿಂದ ಕಿತ್ತದ್ದೂ ಬೇಡ, ನಮ್ಮ ಘಟ್ಟದ ಮರದಿಂದ ಬಿಡಿಸಿ ತಂದ ಸೀತಾಳೆಯೂ ಬೇಡ.