ನೆಟ್‌ವರ್ಕೇ ಇಲ್ಲದೆ ಕೋಡ್ ಬರೋದು ಹೇಗೆ?

ಫೋನನ್ನು ಏರ್‌ಪ್ಲೇನ್ ಮೋಡಿಗೆ ಹಾಕಿ, ಗೂಗಲ್ ಅಥೆಂಟಿಕೇಟರ್ ತೆರೆದು ನೋಡಿ. ಸಿಗ್ನಲ್ ಇಲ್ಲ, ವೈಫೈ ಇಲ್ಲ. ಆದರೂ ಆರಂಕಿಯ ಕೋಡ್ 30 ಸೆಕೆಂಡಿಗೊಮ್ಮೆ ಬದಲಾಗುತ್ತಲೇ ಇರುತ್ತೆ. ಅದನ್ನೇ ಲ್ಯಾಪ್‌ಟಾಪಿನಲ್ಲಿ ಹೊಡೆದರೆ ಲಾಗಿನ್ ಕೂಡ ಆಗುತ್ತೆ. ಹಾಗಾದರೆ ಕೋಡ್ ಕಳಿಸಿದ್ದು ಯಾರು?

ಯಾರೂ ಕಳಿಸಿಲ್ಲ. ಮೊದಲ ದಿನ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದ್ದೆವಲ್ಲ, ಅದರೊಳಗೆ ಒಂದು ರಹಸ್ಯ ಕೀ ಇತ್ತು. ಅದರ ಒಂದು ಪ್ರತಿ ಸರ್ವರಿನಲ್ಲಿ, ಇನ್ನೊಂದು ನಮ್ಮ ಫೋನಿನಲ್ಲಿ. 1970ರ ಜನವರಿ 1ರಿಂದ ಈವರೆಗೆ ಕಳೆದ ಸೆಕೆಂಡುಗಳನ್ನು 30ರಿಂದ ಭಾಗಿಸಿ, ಬಂದ ಪೂರ್ಣಾಂಕವನ್ನೂ ಆ ಕೀಯನ್ನೂ ಸೇರಿಸಿ ಎಚ್‌ಮ್ಯಾಕ್ ಲೆಕ್ಕ ಹಾಕಬೇಕು. ಉತ್ತರದಿಂದ 31 ಬಿಟ್ ಆರಿಸಿಕೊಂಡು, 10 ಲಕ್ಷದಿಂದ ಭಾಗಿಸಿದಾಗ ಉಳಿಯುವ ಶೇಷವೇ ನಮ್ಮ ಆರಂಕಿ. ಎರಡೂ ಕಡೆ ಕೀ ಒಂದೇ, ಸಮಯ ಒಂದೇ, ಹಾಗಾಗಿ ಉತ್ತರವೂ ಒಂದೇ. ಇದಕ್ಕೆ ಟಿಒಟಿಪಿ ಅಂತ ಹೆಸರು. 2011ರಲ್ಲಿ ಬಂದ ಆರ್‌ಎಫ್‌ಸಿ 6238ರಲ್ಲಿ ಪೂರ್ತಿ ವಿವರ ಇದೆ. ಪೈಥಾನಿನಲ್ಲಿ ಹದಿನೈದು ಸಾಲು ಸಾಕು, ಲ್ಯಾಬಿನಲ್ಲಿ ಬಿಡುವಿದ್ದಾಗ ಬರೆದು ನೋಡಿ.

ಎಸ್‌ಎಂಎಸ್ ಓಟಿಪಿಗಿಂತ ಇದು ವಾಸಿ. ನಮ್ಮ ಹೆಸರಿನಲ್ಲಿ ಯಾರಾದರೂ ಡೂಪ್ಲಿಕೇಟ್ ಸಿಮ್ ತೆಗೆದುಕೊಂಡರೂ ಈ ಕೋಡ್ ಅವರಿಗೆ ಹೋಗಲ್ಲ.

ಆದರೆ ಆ ಕ್ಯೂಆರ್ ಚಿತ್ರವೇ ಬೀಗದ ಕೈ ಅನ್ನೋದು ನಮಗೆ ತಡವಾಗಿ ಹೊಳೆಯಿತು. ಪ್ರಾಜೆಕ್ಟ್ ಅಕೌಂಟಿಗೆ ನಾಲ್ವರೂ ಲಾಗಿನ್ ಆಗಲಿ ಅಂತ ನಾವು ಅದರ ಸ್ಕ್ರೀನ್‌ಶಾಟನ್ನು ಗ್ರೂಪಿಗೆ ಹಾಕಿದ್ದೆವು! ಅದು ಯಾರ ಕೈಗೆ ಸಿಕ್ಕಿದರೂ ಅವರ ಫೋನಿನಲ್ಲೂ ಇದೇ ಕೋಡ್ ಬರುತ್ತೆ. ಚಿತ್ರ ಡಿಲೀಟ್ ಮಾಡಿದರೆ ಸಾಲದು. ಹಳೇ ಸೆಟಪ್ ತೆಗೆದು ಹೊಸ ಕೀ ಪಡೆಯಬೇಕು. ಹಾಗೇ, ನಕಲಿ ಲಾಗಿನ್ ಪೇಜಿನಲ್ಲಿ ನಾವೇ ಕೋಡ್ ಹೊಡೆದರೆ, ಅವರು ತಕ್ಷಣ ಅದನ್ನು ಅಸಲಿ ಸೈಟಿಗೆ ದಾಟಿಸಬಹುದು. ಪಾಸ್‌ಕೀ ಈ ವಿಷಯದಲ್ಲಿ ಗಟ್ಟಿ: ಯಾವ ಡೊಮೇನಿಗೆ ಮಾಡಿದ್ದೋ ಅದಕ್ಕೆ ಮಾತ್ರ ಕೆಲಸ ಮಾಡುತ್ತೆ, ಪೇಜು ನೋಡೋಕೆ ಹೇಗಿದ್ದರೂ ಮೋಸ ಹೋಗಲ್ಲ.

ಇನ್ನೊಂದು ಪೆಟ್ಟು ಬೇರೆ ಥರದ್ದು. ಪ್ಲೇಸ್‌ಮೆಂಟ್ ಟೆಸ್ಟಿನ ಹಿಂದಿನ ದಿನ ನಮ್ಮ ಗೆಳೆಯನೊಬ್ಬ ಬಸ್ಸಿನಲ್ಲಿ ಫೋನ್ ಕಳೆದುಕೊಂಡ. ಟೆಸ್ಟಿನ ಲಿಂಕ್ ಮೇಲಿನಲ್ಲಿ, ಮೇಲಿನ ಕೋಡ್ ಫೋನಿನಲ್ಲಿ.

‘ಬ್ಯಾಕಪ್ ಕೋಡ್ ಇಟ್ಟಿದ್ದೆ ತಾನೆ? ಎಲ್ಲಿ?’

‘ಫೋನಿನ ಗ್ಯಾಲರಿಯಲ್ಲೇ ಮಾರಾಯ.’

ಟೆಸ್ಟ್ ತಪ್ಪಿತು. ಆ ವಾರವೇ ನಾವೆಲ್ಲ ಜೆರಾಕ್ಸ್ ಅಂಗಡಿಗೆ ಹೋಗದೆ (ಅಲ್ಲಿಯ ಕಂಪ್ಯೂಟರಿನಲ್ಲಿ ಫೈಲ್ ಉಳಿದುಬಿಡುತ್ತೆ!) ಬ್ಯಾಕಪ್ ಕೋಡುಗಳನ್ನು ಕೈಯಲ್ಲೇ ಬರೆದುಕೊಂಡೆವು. ಆ ಚೀಟಿ ಈಗ ಮಾರ್ಕ್ಸ್ ಕಾರ್ಡಿನ ಫೈಲಿನಲ್ಲಿದೆ.